ಮೂರು ಕಾಲಿನ ಚೆನ್ನಿಯೊಡನೆ ಎರಡು ಹೊಳೆ

ಎಳ್ಳಮವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಏಳೂಕಾಲಕ್ಕೆ ಮುದ್ದೇಬಿಹಾಳದ ಬಸ್ ನಿಲ್ದಾಣದಿಂದ ನಾವು ಮೂವರು ಹೊರಟೆವು: ನಾನು, ನನ್ನ ಸೋದರಮಾವ, ಅವನ ನಾಯಿ ಚೆನ್ನಿ. ಮೂವರ ಕಾಲು ಕೂಡಿಸಿದರೆ ಏಳು. ಎಂಟನೆಯದೂ ಇತ್ತು. ಆದರೆ ಚೆನ್ನಿ ತನ್ನ ಹಿಂದಿನ ಬಲಗಾಲನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದಳು, ಮದುವೆ ಮನೆಯಲ್ಲಿ ಹೊಸ ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗುವವರ ಹಾಗೆ. ನಾಯಿಗೆ 'ಅವಳು' ಎನ್ನುತ್ತೀಯಲ್ಲ ಎಂದು ಓದುವವರು ನಗಬಹುದು. 'ಅದು' ಎಂದರೆ ಮಾಮಾ ಸಿಟ್ಟಿಗೇಳುತ್ತಾನೆ, ಅದಕ್ಕೆ.

ಕಂಡಕ್ಟರ್ ಬಾಗಿಲಲ್ಲೇ ತಡೆದ.

"ನಾಯಿ ನಡಿಯೂದಿಲ್ರಿ."

"ನಡಿಯೂದಿಲ್ಲಂತನ ಬಸ್ಸಿಗೆ ಹತ್ತಸಾಕತ್ತೇವ್ರಿ," ಎಂದೆ ನಾನು.

ಅವನು ನನ್ನನ್ನು ಬಿಟ್ಟು ಮಾಮಾನನ್ನು ಕೇಳಿದ: "ಗಂಡೋ ಹೆಣ್ಣೋ?"

"ಹೆಣ್ಣ ಅದಾಳ್ರಿ."

"ಹೆಣ್ಣಿದ್ರ ಫ್ರೀ. ಆಧಾರ್ ಕಾರ್ಡ್ ತೋರಸ್ರಿ."

ಬಸ್ಸಿನ ಹೆಂಗಸರೆಲ್ಲ ನಕ್ಕರು. ಹಾಗೆ ನಕ್ಕ ಮೇಲೆ ಇಳಿಸಲು ಅವನಿಗೂ ಮನಸ್ಸಾಗಲಿಲ್ಲ. ಚೆನ್ನಿಗೆ ಲಗೇಜ್ ಟಿಕೆಟ್ ಕೊಟ್ಟು ಹಿಂದಿನ ಸೀಟಿಗೆ ಕಳಿಸಿದ. ಎಂಜಿನ್ ಗುರುಗುಟ್ಟಿದ್ದೇ ತಡ, ಅವಳು ಸೀಟಿನ ಕೆಳಗೆ ಗೋಣಿಚೀಲದ ಮೇಲೆ ಮುದುಡಿ ನಡುಗತೊಡಗಿದಳು. ಮಾಮಾ ದಾರಿಯುದ್ದಕ್ಕೂ ಬಗ್ಗಿ ಅವಳ ಕಿವಿ ಹಿಡಿದುಕೊಂಡೇ ಕೂತ.

ಈ ನಡುಕಕ್ಕೆ ಕಾರಣ ನಾನು. ಊರಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಕಾಗದದ ನಕಲು ಹೊಟ್ಟೆಗೆ, ಮನುಷ್ಯರ ನಕಲು ಚಟಕ್ಕೆ. ಕನ್ಯೆ ನೋಡಲು ಹೋದ ಮನೆಯಲ್ಲಿ ಹುಡುಗಿಯ ಅಪ್ಪನ ದನಿಯನ್ನೇ ನಕಲು ಮಾಡಿ, ಕೊಟ್ಟ ಚಹಾ ಆರುವ ಮೊದಲೇ ಸಂಬಂಧ ಕಳೆದುಕೊಂಡ ಶೂರ ನಾನು. ಮಾಮಾ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ. ನೂರು ಚೀಲ ಒಟ್ಟಿದ ಥಪ್ಪಿಯ ಆಚೆಗೂ ಕೇಳುವ ದನಿ ಅವನದು. ಮೊದಲು ಒಂದು ಕೆಮ್ಮು, ಆಮೇಲೆ "ಚೆನ್ನೀ... ಬಾ ಯವ್ವಾ!" ಈ ಕೂಗಿಗೆ ಚೆನ್ನಿ ಬಾಯಲ್ಲಿದ್ದ ರೊಟ್ಟಿ ಬಿಟ್ಟು ಓಡಿಬರುತ್ತಿದ್ದಳು. ಎರಡು ತಿಂಗಳ ಹಿಂದೆ ಒಂದು ಸಂಜೆ, ಚಹಾದಂಗಡಿಯ ಮುಂದೆ ಗೆಳೆಯರನ್ನು ನಗಿಸಲು ನಾನು ಆ ಕೆಮ್ಮು ಕೆಮ್ಮಿ ಆ ಕೂಗು ಕೂಗಿದೆ. ರಸ್ತೆಯಾಚೆ ಬೇವಿನ ಕೆಳಗೆ ಮಲಗಿದ್ದ ಚೆನ್ನಿ ಎದ್ದು ನೇರ ಓಡಿಬಂದಳು. ಅಡ್ಡದಿಂದ ಒಂದು ಆಟೋ ಬಂತು.

ಮೂಳೆ ಕೂಡಿತು. ಕಾಲು ಮಾತ್ರ ನೆಲಕ್ಕೆ ಇಳಿಯಲಿಲ್ಲ. ಇನ್ನೂ ದೊಡ್ಡ ನೋವೆಂದರೆ, ಅಂದಿನಿಂದ ಮಾಮಾ ಕರೆದರೆ ಚೆನ್ನಿ ಬರುವುದನ್ನೇ ಬಿಟ್ಟಳು. ಕೂಗು ಕೇಳಿದೊಡನೆ ಗೋಡೆಯತ್ತ ಮುಖ ತಿರುವುತ್ತಾಳೆ. "ಕಿವಿ ಮಂದ ಆಗ್ಯಾವ್ರಿ," ಎಂದು ಮಾಮಾ ದನದ ಡಾಕ್ಟರಿಗೆ ಹೇಳುವಾಗ ನಾನು ಪಕ್ಕದಲ್ಲೇ, ಕರೆಂಟು ಹೋದ ಝೆರಾಕ್ಸ್ ಮಷೀನಿನಂತೆ ನಿಂತಿದ್ದೆ. ಅಂದು ಕೂಗಿದವನು ನಾನು ಎಂದು ಮಾಮಾನಿಗೆ ಹೇಳಿರಲಿಲ್ಲ.

ಡಾಕ್ಟರು ಮೈಸೂರು ಕಡೆಯವರು. "ಹೀಗೇ ಬಿಟ್ರೆ ಕಾಲು ಒಣಗಿಹೋಗುತ್ತೆ. ನಾಲ್ಕು ದಿನ ಕಾಡಲ್ಲಿ, ಹೊಳೆ ದಡದಲ್ಲಿ ಓಡಾಡ್ಸಿ. ನೆಲ ಮೆತ್ತಗಿರ್ಲಿ, ಗಾಡಿ ಸದ್ದು ಇರಬಾರ್ದು," ಎಂದರು. ಹೊರಗೆ ಬಂದು ಮಾಮಾ ತಲೆ ಕೆರೆದುಕೊಂಡ. "ನಮ್ಮ ಕಡೆ ಕಾಡ ಎಲ್ಲೈತಲೇ? ನೀ ನನಗ ಕಾಡತೀಯಲ್ಲ, ಅದೊಂದ ಕಾಡು."

ಹಾಗಾಗಿ ಮೊದಲ ದಿನ ಕೃಷ್ಣೆಯ ದಂಡೆ. ಬಸ್ಸಿಳಿದು ಒಂದೂವರೆ ಮೈಲಿ ಜಾಲಿಗಿಡಗಳ ನಡುವಿನ ಕಾಲುದಾರಿ. ಹಿನ್ನೀರು ಸರಿದ ಕಡೆ ಕೆನ್ನೆಯಂತೆ ನುಣುಪಾದ ಹಸಿ ಮಣ್ಣು, ನೀರಿನ ಮೇಲೆ ಚಳಿಯ ಹೊಗೆ. ಚೆನ್ನಿ ಮೂಗೆತ್ತಿ ಮೂಸಿದಳು, ಕುಂಟುತ್ತಾ ನೀರಿನತ್ತ ಹೊರಟಳು. ಬಲೆ ಬಿಡಿಸುತ್ತ ಕೂತಿದ್ದ ಒಬ್ಬ ಮೀನುಗಾರ ತಲೆಯೆತ್ತಿದ.

"ಅಣ್ಣಾರ, ನೀರಿನ ಬದಿಗಿ ಬಿಡಬ್ಯಾಡ್ರಿ. ಮೊಸಳಿ ಅದಾವ."

"ಮೂರ ಕಾಲಿನ ನಾಯಿ ತಿಂದ ಅವಕ್ಕೇನ ಹೊಟ್ಟಿ ತುಂಬತೈತ್ರಿ?" ಎಂದೆ.

"ತುಂಬದಿದ್ರ ಮ್ಯಾಲ ನೀ ಅದೀಯಲ್ಲ ತಮ್ಮಾ."

ನಕಲು ಮಾಡುವವನ ಬಾಯಿ ಹೀಗೆ ದಿನಕ್ಕೊಮ್ಮೆಯಾದರೂ ಮುಚ್ಚಬೇಕು. ನಾಯಿ ಕರೆದೊಯ್ಯುವವರು ಗಮನಿಸಬೇಕಾದ ಮಾತು ಇದು: ಕೃಷ್ಣೆಯ ದಂಡೆಯಲ್ಲಿ ಹಗ್ಗ ಬಿಚ್ಚಬೇಡಿ, ನೀರಿನಿಂದ ದೂರ ನಡೆಯಿರಿ. ನಾವು ಮಧ್ಯಾಹ್ನದವರೆಗೆ ನಡೆದೆವು. ಹಗ್ಗ ಜಗ್ಗಿದರೆ ಚೆನ್ನಿ ಬರುತ್ತಿದ್ದಳು. ಮಾಮಾ ಹಗ್ಗ ಸಡಿಲ ಬಿಟ್ಟು, ಕೆಮ್ಮಿ, "ಬಾ ಯವ್ವಾ" ಎಂದ. ಅವಳು ನಿಂತಳು, ಮುಖ ತಿರುವಿದಳು. ಮಾಮಾ ಹೊಳೆಯತ್ತ ತಿರುಗಿ ಬೀಡಿ ಹಚ್ಚಿದ.

ಎರಡನೆಯ ದಿನಕ್ಕೆ ಕಾಡು ಬೇಕಿತ್ತು. ಬಸವನ ಬಾಗೇವಾಡಿ ತಾಲೂಕಿನ ಮಸೂತಿಯಿಂದ ಶಾಂತಕ್ಕ ಎಂಬವರು ವರ್ಷವೂ ಯಾರ್ಡಿಗೆ ಕಡಲೆ ತರುತ್ತಾರೆ. ಆ ಸಂಜೆಯೇ ಮಾಮಾ ಅವರಿಗೆ ಫೋನ್ ಹಚ್ಚಿದ. "ಶಾಂತಕ್ಕಾ, ನಿಮ್ಮೂರಾಗ ಅಡವಿ ಐತೇನ್ರಿ?"

"ಅಡವಿ ಇಲ್ದ ಹೊಟ್ಟಿ ಹೆಂಗ ತುಂಬತೈತ್ರಿ? ನಾಳೆ ಎಳ್ಳಮಾಸಿ, ಎಲ್ಲಾರೂ ಅಡವ್ಯಾಗ ಇರ್ತೇವಿ, ಬಂದಬಿಡ್ರಿ!"

ಮಾಮಾ ಖುಷಿಯಾದ. ರಾತ್ರಿಯೆಲ್ಲ ಅವನ ಕನಸಿನಲ್ಲಿ ಮರಗಳೇ ಇದ್ದಿರಬೇಕು. ನಮ್ಮ ಕಡೆ ಹೊಲಕ್ಕೆ ಅಡವಿ ಎನ್ನುತ್ತಾರೆ ಎಂಬುದು ಹುಟ್ಟಿದಾಗಿನಿಂದ ಹೊಲಕ್ಕೆ ಅಡವಿ ಎನ್ನುವ ಮಾಮಾನಿಗೇ ಮರೆತುಹೋಗಿತ್ತು! ಬಾಗೇವಾಡಿಯಲ್ಲಿ ಬಸ್ ಬದಲಿಸಿ ಮಸೂತಿ ಮುಟ್ಟಿದಾಗ ಶಾಂತಕ್ಕ ನಮ್ಮನ್ನು ಕರೆದೊಯ್ದದ್ದು ನಾಲ್ಕು ಎಕರೆ ಎರೆಭೂಮಿಗೆ. ಎದೆಮಟ್ಟದ ಬಿಳಿಜೋಳ, ಕಡಲೆ, ನಡುವೆ ಒಂದೇ ಒಂದು ಬೇವಿನ ಮರ.

"ಅಡವಿ ಅಂದ್ರ... ಇದ ಏನ್ರಿ?" ಮಾಮಾ ಮೆಲ್ಲಗೆ ಕೇಳಿದ.

"ಮತ್ತೇನ ಹುಲಿ ಇರೂ ಅಡವಿ ಅಂದ್ಕೊಂಡಿದ್ರೇನು? ಕುಂದರ್ರಿ, ಉಣ್ಣರಿ."

ಕಂಬಳಿ ಹಾಸಿ ಕೂರಿಸಿದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ, ಕಡುಬು. ಉಣ್ಣುವ ಮುನ್ನ ಶಾಂತಕ್ಕನ ಗಂಡ ಬುಟ್ಟಿ ಹಿಡಿದು ಹೊಲದ ಸುತ್ತ ಕೂಗುತ್ತಾ ಚರಗ ಚೆಲ್ಲಿದರು, ಬಸಿರಿ ಭೂಮಿತಾಯಿಗೆ ಉಣಿಸುವ ಬಯಕೆಯ ಊಟವದು. ಅವರು ಚೆಲ್ಲುತ್ತಾ ಮುಂದೆ, ಚೆನ್ನಿ ತಿನ್ನುತ್ತಾ ಹಿಂದೆ. ಮಾಮಾ ನಾಚಿ ಅವಳನ್ನು ಹಿಡಿಯಲು ಓಡಿದ.

"ಇರ್ಲಿ ಬಿಡ್ರಿ," ಎಂದರು ಶಾಂತಕ್ಕ. "ತಾಯಿ ಪಾಲು ಹೆಣ್ಣಮಗಳ ತಿಂದ್ರ ತಪ್ಪೇನು? ಕಾಲಿಗೇನ ಆಗೈತಿ ಆಕಿಗೆ?"

"ಆಟೋ ಬಡೀತ್ರಿ."

"ರಸ್ತಾದಾಗ ಯಾಕ ಓಡಿದ್ಳು?"

"ನಾಯಿ ಜಾತಿ, ಓಡತೈತ್ರಿ," ಎಂದು ಮಾಮಾ ರೊಟ್ಟಿ ಮುರಿದ. ನಾನು ನನ್ನ ಹೋಳಿಗೆಯನ್ನು ಚೆನ್ನಿಯ ಮುಂದಿಟ್ಟೆ.

ಊಟವಾದ ಮೇಲೆ ನಕಲಿನ ಸರದಿ. ಕಂಡಕ್ಟರನನ್ನು ಮಾಡಿದೆ, ಡಾಕ್ಟರನ್ನು ಮಾಡಿದೆ. ಶಾಂತಕ್ಕ ಫೋನಿನಲ್ಲಿ ಮಾತಾಡುವುದನ್ನು ಮಾಡಿದಾಗ ಅವರು ಸೆರಗು ಬಾಯಿಗೆ ಒತ್ತಿ ನಕ್ಕರು. "ಇನ್ನ ನಿಮ್ಮ ಮಾಮಾಂದು ಮಾಡೋ ತಮ್ಮಾ."

"ಮಾಮಾಂದು ನನಗ ಬರೂದಿಲ್ರಿ," ಎಂದೆ. ಮಾಮಾ ನನ್ನನ್ನು ಒಂದು ಗಳಿಗೆ ನೋಡಿದ.

ಗಿಡ ಬೇಕಿದ್ದರೆ ಇಂಡಿಗೆ ಹೋಗಿ, ನನ್ನ ತಮ್ಮನ ನಿಂಬೆ ತೋಟವಿದೆ ಎಂದು ಶಾಂತಕ್ಕನೇ ದಾರಿ ತೋರಿಸಿದರು. ಮೂರನೆಯ ದಿನ ವಿಜಯಪುರದಲ್ಲಿ ಬಸ್ ಬದಲಿಸಿ ಇಂಡಿ ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು. ತೋಟದಲ್ಲಿ ನೆರಳಿತ್ತು, ನೀರು ಕುಡಿದ ನೆಲವಿತ್ತು, ಗಾಡಿಯ ಸದ್ದಿರಲಿಲ್ಲ. ಡಾಕ್ಟರು ಹೇಳಿದ ಕಾಡೇ ಸರಿ, ಸ್ವಲ್ಪ ಹುಳಿ ಅಷ್ಟೇ. ಮುಳ್ಳಿನ ಮಾತನ್ನು ಅವರೂ ಹೇಳಿರಲಿಲ್ಲ, ನಮಗೂ ಹೊಳೆದಿರಲಿಲ್ಲ. ಹತ್ತು ಮಾರು ಹೋಗುವಷ್ಟರಲ್ಲಿ ಚೆನ್ನಿ ಕುಂಯ್ ಎಂದಳು. ಹಿಂದಿನ ಎಡಗಾಲಿಗೆ, ಅಂದರೆ ಒಳ್ಳೆಯ ಕಾಲಿಗೆ, ನಿಂಬೆಮುಳ್ಳು ನೆಟ್ಟಿತ್ತು.

ಒಳ್ಳೆಯ ಕಾಲನ್ನು ಎತ್ತಿದಳು. ಎರಡೇ ಕಾಲಿನ ಮೇಲೆ ನಾಯಿ ನಿಲ್ಲುವುದು ಹೇಗೆ? ಓಲಾಡಿದಳು, ನಮ್ಮಿಬ್ಬರನ್ನೂ ನೋಡಿದಳು. ಕೊನೆಗೆ ಎರಡು ತಿಂಗಳಿನಿಂದ ಮಡಿಚಿಟ್ಟ ಬಲಗಾಲನ್ನು ಸಾವಕಾಶ ಕೆಳಗಿಳಿಸಿ, ಬಿಸಿ ಹಂಚು ಮುಟ್ಟಿದಂತೆ ಮುಟ್ಟಿ, ಊರಿದಳು.

"ಮುಳ್ಳ ತಗೀಬ್ಯಾಡ ತಡಿ! ಕಾಲ ಊರ್ಯಾಳ!" ಎಂದು ಕೂಗಿದ ಮಾಮಾ ಮರುಗಳಿಗೆಗೆ ತಾನೇ ಮಂಡಿಯೂರಿ ಹಲ್ಲಿನಿಂದ ಮುಳ್ಳು ಕಿತ್ತ. ಕಣ್ಣಲ್ಲಿ ನೀರು. "ನಿಂಬಿಹಣ್ಣಿಂದಲೇ, ಕಣ್ಣಿಗೆ ಸಿಡೀತು," ಎಂದ. ಸುತ್ತ ಯಾರೂ ನಿಂಬೆಹಣ್ಣು ಹಿಂಡಿರಲಿಲ್ಲ.

ನಾಲ್ಕನೆಯ ದಿನ ಆಲಮೇಲ. ಕಬ್ಬು ಕಡಿಯುವ ಕಾಲ; ರಸ್ತೆ ತುಂಬ ಹಾಡು ಹಚ್ಚಿಕೊಂಡ ಟ್ರ್ಯಾಕ್ಟರುಗಳು. ಚೆನ್ನಿ ಮಾಮಾನ ಧೋತರದೊಳಗೆ ಹೊಕ್ಕು ಕೂತಳು. ಅವಳನ್ನು ಹೆಗಲ ಮೇಲೆ ಹೊತ್ತೇ ಮಾಮಾ ಕಬ್ಬಿನ ಗದ್ದೆಗಳ ನಡುವಿನ ಬಂಡಿದಾರಿ ಹಿಡಿದ. ಅರ್ಧ ಗಂಟೆಯ ಮೇಲೆ ಸದ್ದು ಹಿಂದೆ ಉಳಿಯಿತು, ಭೀಮೆ ಕಂಡಳು. ಅಗಲವಾದ ಉಸುಕು, ಅದರಾಚೆ ತೆಳ್ಳಗೆ ನೀರು, ಬೆಳ್ಳಕ್ಕಿಗಳು. ನೀರು ದೂರವಿದ್ದುದರಿಂದ ಚೆನ್ನಿಯನ್ನು ಇಳಿಸಿ ಹಗ್ಗ ಬಿಚ್ಚಿದೆವು. ಅವಳು ಮೂಸುತ್ತಾ ದೂರ ಹೋದಳು. ಬಲಗಾಲು ನಾಲ್ಕು ಹೆಜ್ಜೆಗೊಮ್ಮೆ ನೆಲ ಮುಟ್ಟುತ್ತಿತ್ತು.

ಕಾಲು ಬಂತು, ಇನ್ನು ಉಳಿದದ್ದು ಕೂಗು. ಅದಕ್ಕೆ ಅವಳು ಬಾರದಿದ್ದರೆ ಆ ಪಾಪ ಯಾರದೆಂದು ಮಾಮಾನಿಗೆ ಗೊತ್ತಿರಬೇಕು ಎನ್ನಿಸಿತು.

"ಮಾಮಾ, ಅವತ್ತ ಚೆನ್ನಿನ್ನ ಕರದಾಂವ ನಾನು. ನಿನ್ನ ದನಿಲೆ."

"ಗೊತ್ತೈತಿ."

"ಹೆಂಗ?"

"ನಾ ಪಾನಂಗಡಿ ಮುಂದ ಎಲಿಗೆ ಸುಣ್ಣ ಹಚ್ಚಾಕತ್ತಿದ್ದೆ. ನನ್ನ ದನಿ ರಸ್ತಾದಾಗ ಕೇಳ್ತು. ನನ್ನ ದನಿ ನನಗ ಗುರ್ತ ಹತ್ತೂದಿಲ್ಲೇನಲೇ?"

"ಮತ್ತ ಡಾಕ್ಟರಿಗೆ ಕಿವಿ ಮಂದ ಅಂತ ಯಾಕಂದಿ?"

"ಮತ್ತೇನ ಅನ್ಲಿ? ನಮ್ಮಕ್ಕನ ಮಗ ಮಂದ ಅದಾನ ಅನ್ಲೇನು?"

ನಾನು ಉಸುಕಿನಲ್ಲಿ ಗೆರೆ ಎಳೆಯುತ್ತಾ ಕೂತೆ. "ಬೈಯರ ಬೈಯಿ ಮಾಮಾ."

"ಬೈದ್ರ ನಾಳೆ ಅದನ್ನೂ ನಕಲಿ ಮಾಡ್ತಿ." ದೂರದ ಚೆನ್ನಿಯತ್ತ ನೋಡುತ್ತಾ ಹೇಳಿದ, "ಎಲ್ಲಾರ ದನಿ ಮಾಡಪಾ, ಬ್ಯಾಡ ಅನ್ನೂದಿಲ್ಲ. ಆಕಿನ್ನ ಕರಿಯೂದೊಂದ ನನಗ ಬಿಡು."

"ಬಿಟ್ಟೆ," ಎಂದೆ. ಹೊತ್ತು ಇಳಿದಿತ್ತು. ಸಿಂದಗಿ ಬಸ್ಸು ಹಿಡಿದು, ಅಲ್ಲಿಂದ ಊರಿನ ಬಸ್ಸು ಹಿಡಿಯಬೇಕಿತ್ತು. ಚೆನ್ನಿ ಉಸುಕಿನ ಆಚೆ ತುದಿಯಲ್ಲಿ ಬೆರಳಷ್ಟು ಕಾಣುತ್ತಿದ್ದಳು. ಮಾಮಾ ಎದ್ದು ನಿಂತ, ಧೋತರ ಝಾಡಿಸಿದ, ಕೆಮ್ಮಿದ.

"ಚೆನ್ನೀ... ಬಾ ಯವ್ವಾ!"

ಹೊಳೆಯ ಆಚೆ ದಂಡೆಗೂ ಕೇಳಿರಬೇಕು. ಚೆನ್ನಿ ತಲೆ ಎತ್ತಿದಳು. ಈ ಸಲ ಮುಖ ತಿರುವಲಿಲ್ಲ, ಹತ್ತು ಹೆಜ್ಜೆ ಬಂದು ನಿಂತಳು. ಅವಳು ನೋಡುತ್ತಿದ್ದುದು ಮಾಮಾನನ್ನಲ್ಲ, ನನ್ನನ್ನು, ನನ್ನ ಬಾಯಿಯನ್ನು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ.

ಮಾಮಾ ಇನ್ನೊಮ್ಮೆ ಕರೆದ. ಈ ಸಲ ಅವನ ದನಿ ನಡುವೆ ಒಡೆಯಿತು, ನಾನು ಸಾವಿರ ಸಲ ಪ್ರಯತ್ನಿಸಿದರೂ ಬಾರದ ಹಾಗೆ. ಚೆನ್ನಿ ನನ್ನನ್ನು ನೋಡಿದಳು, ಮುಚ್ಚಿದ ಬಾಯಿ ಮುಚ್ಚಿಯೇ ಇತ್ತು. ಮಾಮಾನನ್ನು ನೋಡಿದಳು. ಆಮೇಲೆ ಓಡಿದಳು, ಉಸುಕು ಚಿಮ್ಮಿಸುತ್ತ, ಮೂರು ಕಾಲಿನಲ್ಲೋ ನಾಲ್ಕರಲ್ಲೋ ಎಣಿಸಲು ಬಾರದಷ್ಟು ಜೋರಾಗಿ. ನನ್ನ ಪಕ್ಕದಿಂದ ಹಾದು ಮಾಮಾನ ಎದೆಗೆ ಹಾರಿದಳು. ಅವನು ಅವಳ ಕಿವಿಯಲ್ಲಿ ಏನೋ ಹೇಳಿದ. ಅದು ನನಗೆ ಕೇಳಿಸಿತು, ಇಲ್ಲಿ ಬರೆಯುವುದಿಲ್ಲ.

ದಂಡೆ ಏರಿದ ಮೇಲೆ ಒಮ್ಮೆ ತಿರುಗಿ ನೋಡಿದೆ. ಭೀಮೆ ಕೆಂಪಾಗಿದ್ದಳು. ಮುಂದೆ ಮಾಮಾ, ಅವನ ಹಿಮ್ಮಡಿಗೆ ಅಂಟಿಕೊಂಡು ಚೆನ್ನಿ, ಹಿಂದೆ ನಾನು. ಅವಳು ನಡುನಡುವೆ ತಿರುಗಿ ನನ್ನತ್ತ ನೋಡುತ್ತಿದ್ದಳು. ಹಾಗಾಗಿ ಆಲಮೇಲದ ರಸ್ತೆ ಮುಟ್ಟುವವರೆಗೆ ನಾನು ಬಾಯಿಂದ ಕೈ ತೆಗೆಯಲಿಲ್ಲ.