ಅತ್ತೆ ಬರೆದ ಕಿವಿ

ಇವತ್ತು ಬೆಳಿಗ್ಗೆ ಕಾರ್ನ್‌ಫ್ಲೇಕ್ಸ್ ಡಬ್ಬಿ ಖಾಲಿಯಾಯಿತು. ಮಡಚಿ ಕೌನ್ಸಿಲ್‌ನವರ ರೀಸೈಕ್ಲಿಂಗ್ ಬುಟ್ಟಿಗೆ ಹಾಕಬೇಕು, ಅಷ್ಟೇ ಕೆಲಸ. ಆದರೆ ಒಳಗಿನ ಬೂದು ರಟ್ಟು ಕಂಡದ್ದೇ ಕೈ ನಿಂತುಬಿಟ್ಟಿತು. ಹೋದ ತಿಂಗಳು ತೀರಿಕೊಂಡ ನಮ್ಮತ್ತೆ ಇದ್ದಿದ್ದರೆ, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ಇಷ್ಟು ಹೊತ್ತಿಗೆ ಕತ್ತರಿ ಹಿಡಿದು ಬಂದಿರುತ್ತಿದ್ದರು.

ಧಾರವಾಡದಿಂದ ಲಂಡನ್ನಿನ ಸಟನ್ನಿಗೆ ಬಂದ ಹೊಸದರಲ್ಲಿ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕ್ಯಾನರಿ ವಾರ್ಫಿನ ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್ ಅರೆಯುವ ನಾನು ಕಲಿಸಲು ಕುಳಿತೆ. ಕ್ರಿಯಾಪದ, ಭೂತಕಾಲ ಎಂದು ಶುರು ಮಾಡಿದೆ ನೋಡಿ, ಶಿಷ್ಯೆ ಆಕಳಿಸಿದರು. ಆಮೇಲೆ ತಮ್ಮದೇ ದಾರಿ ಹಿಡಿದರು. ಹೊರಗೆ ಯಾರು ಎಲ್ಲಿ ಏನೆನ್ನುತ್ತಾರೆಂದು ಕೇಳಿಸಿಕೊಳ್ಳುವುದು, ಮನೆಗೆ ಬಂದು ಆ ಗಳಿಗೆಯನ್ನು ಇಂಥ ಡಬ್ಬಿಯ ರಟ್ಟಿನ ಮೇಲೆ ಚಿತ್ರವಾಗಿ ಬರೆಯುವುದು. ಬಸ್ಸಿಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಎಂದು ಬಾಗಿಲಲ್ಲಿ ಎತ್ತಿದ ಕೈ ಎಂದರೆ ‘ಚಿಯರ್ಸ್’. ಇಬ್ಬರ ನಡುವೆ ಅನುಮಾನ ಬರುವಷ್ಟು ಜಾಗವಿದ್ದರೆ ‘ಆರ್ ಯು ಇನ್ ದ ಕ್ಯೂ?’ ಮೋಡದ ಅಂಚಿನಲ್ಲಿ ಚೂರೇ ಚೂರು ಬಿಸಿಲಿದ್ದರೆ ‘ನಾಟ್ ಟೂ ಬ್ಯಾಡ್ ಟುಡೇ!’ ಅಡಿಯಲ್ಲಿ ಒಂದಕ್ಷರವಿಲ್ಲ.

“ಕೆಳಗೆ ಕನ್ನಡದಲ್ಲಾದ್ರೂ ಬರ್ಕೊಳ್ಳಿ ಅತ್ತೆ” ಎಂದರೆ, “ಬರದ್ರ ಓದೂದಾಗ್ತದವಾ. ಚಿತ್ರಾ ನೋಡಿದ್ರ ಅಲ್ಲೇ ನಿಂತಂಗ ಆಗ್ತದ, ಮಾತು ತಾನ ಬರ್ತದ” ಎನ್ನುತ್ತಿದ್ದರು. ಫ್ರಿಜ್ಜಿನ ಬಾಗಿಲು ತುಂಬಿತು. ಕ್ಯೂನಲ್ಲಿ ಅಷ್ಟು ಮೆತ್ತಗೆ ಕೇಳುವುದನ್ನು ನಾನೂ ಆ ಚಿತ್ರದಿಂದಲೇ ಕಲಿತೆ ಎಂದರೆ ನೀವು ನಗಬಾರದು.

ಒಮ್ಮೆ ಪಕ್ಕದ ಮನೆಯ ಜೀನ್ ಅವರ ಗಂಡ ರಾನ್ ತೀರಿಕೊಂಡರು. ಬೀದಿಯವರೆಲ್ಲ ಬಾಗಿಲ ಸಂದಿಯಲ್ಲಿ ಸಂತಾಪದ ಕಾರ್ಡ್ ಹಾಕಿದರು. ನಾವೂ ಒಂದು ಹಾಕಿದರಾಯಿತು ಎಂದೆ.

“ಕಾರ್ಡ್ ಹಾಕಿ ಓಡಿ ಬರೂದೇನವಾ? ಹೋಗಿ ಮಾತಾಡಿಸಬೇಕಲ್ಲ.”

“ಇಲ್ಲಿ ಹಾಗೆ ಹೋಗಲ್ಲ ಅತ್ತೆ. ಅವರಿಗೆ ಮುಜುಗರ ಆಗತ್ತೆ.”

“ಮುಜುಗರ ಆದ್ರ ವಾಪಸ್ ಬರ್ತೀನಿ. ‘ಅವರ ಬಗ್ಗೆ ಹೇಳ್ರಿ’ ಅನ್ನಲಿಕ್ಕೆ ಏನಂತಾರ, ಅಷ್ಟ ಹೇಳು.”

‘ಟೆಲ್ ಮಿ ಅಬೌಟ್ ಹಿಮ್’ ಎಂದು ಹೇಳಿಕೊಟ್ಟೆ. ಅವರು ರಾನ್ ಸದಾ ಹಾಕುತ್ತಿದ್ದ ಉಣ್ಣೆ ಟೋಪಿಯನ್ನೂ ಪಕ್ಕದಲ್ಲಿ ಅದಕ್ಕಿಂತ ದೊಡ್ಡದೊಂದು ಕಿವಿಯನ್ನೂ ಬರೆದು, ರಟ್ಟನ್ನು ಕೋಟಿನ ಜೇಬಿಗಿಳಿಸಿ ಹೊರಟರು. ನಾನು ಕಿಟಕಿಯ ಪರದೆ ಸರಿಸಿ ನೋಡುತ್ತ ನಿಂತೆ. ಜೀನ್ ಬಾಗಿಲು ತೆರೆದರು. ಅತ್ತೆ ಒಳಗೆ ಹೋದವರು ಸಂಜೆಯವರೆಗೆ ಬರಲಿಲ್ಲ.

“ಅವರು ಅಷ್ಟೊತ್ತು ಮಾತಾಡಿದ್ದು ಅರ್ಥ ಆಯ್ತಾ?” ಎಂದು ಕೇಳಿದೆ.

“ಅರ್ಧಾ ತಿಳೀತು. ಉಳದದ್ದು ಆಕಿ ಅತ್ತಾಗ ತಿಳೀತು.”

ರಟ್ಟನ್ನು ಜೀನ್ ತಾವೇ ಇಟ್ಟುಕೊಂಡರಂತೆ. ಎಂಥ ಹೆಂಗಸು ನಮ್ಮತ್ತೆ ಎಂದು ಅವತ್ತು ಹೆಮ್ಮೆಪಟ್ಟೆ, ಇವತ್ತಿಗೂ ಪಡುತ್ತೇನೆ.

ಅತ್ತೆ ತೀರಿಕೊಂಡ ಮೇಲೆ ನಮಗೂ ಕಾರ್ಡುಗಳು ಬಂದವು, ಆಫೀಸಿನಿಂದ ಹೂವೂ ಬಂತು. ಎಲ್ಲರಿಗೂ ‘ಐಯಾಮ್ ಫೈನ್, ಥ್ಯಾಂಕ್ಯೂ’ ಎಂದು ಹೇಳಿ ಹೇಳಿ ತಿಂಗಳು ಕಳೆದೆ. ಅತ್ತೆಯ ಮಾತು ಯಾರೆದುರೂ ಎತ್ತಲಾಗಲಿಲ್ಲ. ಎತ್ತಿದರೆ ಅಳು ಬರುತ್ತದೆಂಬ ಹೆದರಿಕೆ.

ಇವತ್ತು ಹೀಗೆ ಡಬ್ಬಿ ಹಿಡಿದು ನಿಂತಿದ್ದಾಗಲೇ ಬೆಲ್ ಆಯಿತು. ಬಾಗಿಲಲ್ಲಿ ಜೀನ್, ಕೈಯಲ್ಲಿ ಅದೇ ರಟ್ಟು. ಕಿವಿಯ ಇನ್ನೊಂದು ಪಕ್ಕಕ್ಕೆ ಹೊಸದಾಗಿ ಒಂದು ದುಂಡು ಮುಖ ಬರೆದಿದ್ದರು. ಮೂಗಿನ ತುದಿಯಲ್ಲಿ ಕನ್ನಡಕ.

“ಟೆಲ್ ಮಿ ಅಬೌಟ್ ಹರ್, ಲವ್.”

ಬಾಯಿ ತೆರೆದೆ. ಬಂದದ್ದು ಕನ್ನಡ. ಜೀನ್ ತಡೆಯಲಿಲ್ಲ, ಒಳಗೆ ಬಂದು ಕುರ್ಚಿ ಎಳೆದುಕೊಂಡು ಕುಳಿತರು.