ಕಾರ್ನೆಟ್ ಊದುತ್ತಿದ್ದ ಬಾಯಿ

೨೦೧೪ರಲ್ಲಿ ನಾನು ಸಿಯಾಟಲ್‌ನ ಒಂದು ಆಸ್ಪತ್ರೆಯಲ್ಲಿ ಪ್ರಾಸ್ತೊಡಾಂಟಿಸ್ಟ್ ಆಗಿದ್ದೆ. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ದವಡೆಯ ಭಾಗ ಕಳೆದುಕೊಂಡವರಿಗೆ ಕೃತಕ ಹಲ್ಲು, ಅಂಗುಳು ಮಾಡಿಕೊಡುವುದು ನನ್ನ ಕೆಲಸ. ಅಂಗುಳಿನಲ್ಲಿ ತೂತು ಉಳಿದರೆ ಕುಡಿದ ನೀರು ಮೂಗಿನಿಂದ ಬರುತ್ತದೆ, ಮಾತು ಅರ್ಥವಾಗುವುದಿಲ್ಲ. ಆ ತೂತನ್ನು ಮುಚ್ಚುವ ಪ್ಲೇಟಿಗೆ ಆಬ್ಚುರೇಟರ್ ಎನ್ನುತ್ತೇವೆ.

ಆ ವರ್ಷದ ಕೊನೆಯಲ್ಲಿ ಸರ್ಜನ್ ನನ್ನ ಬಳಿ ನಂಜುಂಡಸ್ವಾಮಿ ಎಂಬವರನ್ನು ಕಳಿಸಿದರು. ಮೇಲ್ದವಡೆಯ ಬಲಭಾಗದಲ್ಲಿ ಗಡ್ಡೆ. ನಾನೂ ಮೈಸೂರಿನವಳು ಎಂದು ಗೊತ್ತಾದೊಡನೆ ಅವರು ಕನ್ನಡಕ್ಕೆ ಇಳಿದರು. ಅವರ ತಂದೆ ಮೈಸೂರಿನಲ್ಲಿ ಮದುವೆ ಬ್ಯಾಂಡಿನಲ್ಲಿ ಊದುತ್ತಿದ್ದರಂತೆ. ಇವರು ಇಲ್ಲಿಗೆ ಎಂ.ಎಸ್. ಓದಲು ಬಂದು, ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದರು.

ನಿವೃತ್ತಿಯ ನಂತರ ಅವರೂ ಅವರ ಹೆಂಡತಿ ಎಲೆನ್ ಕೂಡ ಗೆಳೆಯರೊಂದಿಗೆ ಒಂದು ಬ್ಯಾಂಡ್ ಕಟ್ಟಿದ್ದರು. ಅವರು ನುಡಿಸುತ್ತಿದ್ದದ್ದು ಹಾಟ್ ಜಾಝ್, ಅಂದರೆ ನೂರು ವರ್ಷದ ಹಿಂದಿನ, ಜಾಝ್ ಇನ್ನೂ ಹೊಸದಾಗಿದ್ದ ಕಾಲದ ಸಂಗೀತ. ಕಾರ್ನೆಟ್, ಕ್ಲಾರಿನೆಟ್, ಟ್ರೊಂಬೋನ್ ಒಂದನ್ನೊಂದು ಸುತ್ತಿಕೊಂಡು ಒಟ್ಟಿಗೇ ಹರಿಯುತ್ತವೆ. ಪುಟ್ಟ ತುತ್ತೂರಿಯಂಥ ಕಾರ್ನೆಟ್ ಇವರದು, ತಂತಿವಾದ್ಯ ಬ್ಯಾಂಜೊ ಎಲೆನ್‌ರದು. ಭಾನುವಾರ ಮಧ್ಯಾಹ್ನ ಊರಿನ ಒಂದು ಹಾಲ್‌ನಲ್ಲಿ ಸೌತ್ ಲೇಕ್ ಯೂನಿಯನ್ ಬಡಾವಣೆಯ ಆಫೀಸುಗಳ ಹುಡುಗ ಹುಡುಗಿಯರು ಅದಕ್ಕೆ ಬೆವರಿಳಿಯುವಂತೆ ಕುಣಿಯುತ್ತಿದ್ದರು.

ಬಾಯಿಯ ಅಚ್ಚು ತೆಗೆಯುವ ಮೊದಲು ಅವರು ಕೇಳಿದರು: “ಆಪರೇಷನ್ ಆದ್ಮೇಲೆ ಊದಕ್ಕಾಗತ್ತಾ ಡಾಕ್ಟ್ರೇ?”

“ಊಟ ಮಾಡ್ತೀರ, ಮಾತಾಡ್ತೀರ ಸರ್. ಊದೋದು ಮಾತ್ರ ಆಗಲ್ಲ ಅಂತಾನೇ ಇಟ್ಕೊಳ್ಳಿ.”

ಹೊಸ ವರ್ಷದ ಕಾರ್ಯಕ್ರಮದವರೆಗೆ ಆಪರೇಷನ್ ಮುಂದೂಡಿ ಎಂದು ಅವರು ಸರ್ಜನ್‌ರನ್ನು ಕೇಳಿಕೊಂಡರು. ಸರ್ಜನ್ ಒಪ್ಪಲಿಲ್ಲ. ಆಪರೇಷನ್ನಿಗೆ ಮುಂಚಿನ ಭಾನುವಾರ ನಾನೂ ಹಾಲ್‌ಗೆ ಹೋಗಿದ್ದೆ. ನೋವಿನ ಮಾತ್ರೆ ನುಂಗಿಕೊಂಡೇ ಅವರು ಕೊನೆಯ ಹಾಡಿನವರೆಗೆ ನಿಂತು ಊದಿದರು. ಇದು ಅವರು ಊದುವ ಕೊನೆಯ ದಿನ ಎಂದು ಯಾರೂ ಘೋಷಿಸಲಿಲ್ಲ. ಜನ ಚಪ್ಪಾಳೆ ತಟ್ಟಿ, ಕೋಟು ಹಾಕಿಕೊಂಡು ಹೊರಟರು.

ಆಪರೇಷನ್ ಚೆನ್ನಾಗಿಯೇ ಆಯಿತು. ನನ್ನ ಪ್ಲೇಟೂ ಚೆನ್ನಾಗಿ ಕೂತಿತು. ನೀರು ಮೂಗಿಗೆ ಬರಲಿಲ್ಲ, ಮಾತು ಸ್ಪಷ್ಟವಾಗಿತ್ತು. ನಮ್ಮ ವೃತ್ತಿಯ ಅಳತೆಯಲ್ಲಿ ಇದು ಯಶಸ್ಸು.

ವಸಂತದಲ್ಲಿ ಅವರು ಆಸ್ಪತ್ರೆಗೆ ಕಾರ್ನೆಟ್ ತಂದರು. ತುಟಿಗಿಟ್ಟು ಊದಿದರೆ ಬರೀ ಗಾಳಿ, ಅರ್ಧ ಮೂಗಿನಿಂದ. ಆ ಬೇಸಿಗೆಯೆಲ್ಲ ನಾನು ಪ್ಲೇಟಿನ ಅಂಚಿಗೆ ತೆಳುವಾಗಿ ರೆಸಿನ್ ಪ್ಲಾಸ್ಟಿಕ್ ಸೇರಿಸುವುದು, ಕೆರೆಯುವುದು, ಮತ್ತೆ ಸೇರಿಸುವುದು. ಒಂದು ದಿನ ಒಂದು ಸ್ವರ ಬಂತು, ಉದ್ದವಾಗಿ, ಶುದ್ಧವಾಗಿ. ಪಕ್ಕದ ಕೋಣೆಯ ನರ್ಸ್ ಬಾಗಿಲಿಗೆ ಬಂದು ನಿಂತಳು. ಇನ್ನೂ ಎತ್ತರದ ಸ್ವರಕ್ಕೆ ಒತ್ತಿ ಊದಿದಾಗ ಪ್ಲೇಟು ಕಳಚಿ ನಾಲಿಗೆಯ ಮೇಲೆ ಬಿತ್ತು.

ಅದನ್ನು ತೊಳೆದು ಹಾಕಿಕೊಂಡು ಅವರು, “ಸಾಕಮ್ಮ. ನಿಮ್ಮ ಕೈಲಾದ್ದೆಲ್ಲ ಮಾಡಿದ್ರಿ,” ಎಂದರು. ಅದುವರೆಗೆ ಅವರು ನನ್ನನ್ನು ಅಮ್ಮ ಎಂದಿರಲಿಲ್ಲ.

ಬ್ಯಾಂಡಿಗೆ ಹೊಸ ಕಾರ್ನೆಟ್ ವಾದಕಿ ಬಂದಳು. ಇವರು ಒಮ್ಮೆ ಕೇಳಲು ಹೋಗಿ, ನಡುವೆಯೇ ಎದ್ದು ಹೊರಬಂದರು. ಎಲೆನ್ ಒಬ್ಬರೇ ನನ್ನ ಬಳಿ ಬಂದು, “ನಾನೂ ಬಿಟ್ಟುಬಿಡಲಾ?” ಎಂದು ಕೇಳಿದರು. ಅವರನ್ನೇ ಕೇಳಿ ಎಂದೆ. ಕೇಳಿದ್ದಕ್ಕೆ ಅವರು, “ನೀನೂ ಬಿಟ್ಟರೆ ಮನೆಯಲ್ಲಿ ಇಬ್ಬರೂ ಸುಮ್ಮನೆ ಕೂತಿರಬೇಕಾಗುತ್ತದೆ” ಎಂದರಂತೆ. ಅಲ್ಲಿಂದ ಪ್ರತಿ ಭಾನುವಾರ ಸಿಯಾಟಲ್ ಹೊರವಲಯದ ನ್ಯೂಕ್ಯಾಸಲ್‌ನ ಮನೆಯಿಂದ ಎಲೆನ್‌ರನ್ನು ತಾವೇ ಡ್ರೈವ್ ಮಾಡಿ ಹಾಲ್‌ಗೆ ಕರೆತಂದು ಬಿಡುತ್ತಿದ್ದರು. ಕುಣಿತ ಮುಗಿಯುವವರೆಗೆ ಕಾರಿನಲ್ಲಿ ಗಾಜು ಏರಿಸಿಕೊಂಡು ಕೂತಿರುತ್ತಿದ್ದರು.

೨೦೧೭ರಲ್ಲಿ ಗಡ್ಡೆ ಮರಳಿತು. ಈ ಸಲ ಕತ್ತರಿಸಲು ಜಾಗವಿರಲಿಲ್ಲ. ಅವರ ಅಂತ್ಯಕ್ರಿಯೆಯಲ್ಲಿ ಬ್ಯಾಂಡಿನವರೆಲ್ಲ ಬರಿಗೈಯಲ್ಲಿ ನಿಂತಿದ್ದರು. ನುಡಿಸಬೇಡಿ ಎಂದು ಅವರೇ ಹೇಳಿಹೋಗಿದ್ದರು. ಎಲೆನ್ ನನ್ನ ಕೈ ಹಿಡಿದು, “ಆ ಒಂದು ಸ್ವರ ಬಂದ ದಿನ ಮನೆಗೆ ಬಂದು ತುಂಬ ಹೊತ್ತು ಅತ್ತಿದ್ದರು. ಬಾರದೇ ಇದ್ದಿದ್ದರೆ ಚೆನ್ನಾಗಿತ್ತೋ ಏನೋ,” ಎಂದರು.

ನಮ್ಮ ಪಠ್ಯಪುಸ್ತಕಗಳಲ್ಲಿ ಬಾಯಿಗೆ ಇರುವ ಕೆಲಸಗಳು ಅಗಿಯುವುದು, ನುಂಗುವುದು, ಮಾತಾಡುವುದು. ನಂಜುಂಡಸ್ವಾಮಿಯವರ ನಂತರ ನಾನು ಪ್ರತಿ ರೋಗಿಯನ್ನೂ ಕೂರಿಸಿಕೊಂಡು, ಈ ಬಾಯಿಂದ ಇನ್ನೇನು ಮಾಡುತ್ತೀರಿ ಎಂದು ಕೇಳುತ್ತೇನೆ. ಒಬ್ಬರು ಸಿಳ್ಳೆ ಹಾಕಿ ನಾಯಿ ಕರೆಯುತ್ತಾರೆ, ಇನ್ನೊಬ್ಬರು ಮೊಮ್ಮಗಳಿಗೆ ಜೋಗುಳ ಹಾಡುತ್ತಾರೆ. ಎಲ್ಲವನ್ನೂ ಉಳಿಸಿಕೊಡಲು ನನ್ನಿಂದಾಗುವುದಿಲ್ಲ. ಏನು ಹೋಗಲಿದೆ ಎಂಬುದನ್ನು ಅವರಿಂದಲೇ ಪೂರ್ತಿ ಕೇಳಿಸಿಕೊಂಡು, ಆಮೇಲೆ ಅಚ್ಚು ತೆಗೆಯುತ್ತೇನೆ.