ದೊಡ್ಡಬಸಪ್ಪ ತೆಳ್ಳಗಾದ ವರ್ಷ

ಮಲೀಕಸಾಬ ಫಟಫಟಿ ತಂದ ದಿನ ದೊಡ್ಡಬಸಪ್ಪ ಲಿಂಗಸುಗೂರಿನ ದನದ ಸಂತೆಯಲ್ಲಿ ಒಂದು ಎತ್ತಿನ ಬಾಯಿ ಅಗಲಿಸಿ ಹಲ್ಲು ಎಣಿಸುತ್ತಿದ್ದ. ರಸ್ತೆಯ ಕಡೆಯಿಂದ ಬಂದ ಸದ್ದಿಗೆ ಎತ್ತು ತಲೆ ಕೊಡವಿತು, ಎಣಿಕೆ ಅಲ್ಲಿಗೇ ನಿಂತಿತು. ತಲೆ ಎತ್ತಿ ನೋಡಿದರೆ ಇಡೀ ಸಂತೆ ಅವನಿಗೆ ಬೆನ್ನು ಮಾಡಿ ನಿಂತಿತ್ತು. ಎತ್ತಿನ ಒಡೆಯನೂ ಹಗ್ಗವನ್ನು ಇವನ ಕೈಗೆ ಕೊಟ್ಟು ಆ ಕಡೆ ಹೋಗಿದ್ದ. ಹುಣಸೆಮರದ ಕೆಳಗೆ ಧೂಳು ಇಳಿದ ಮೇಲೆ ಮೋಟಾರು ಸೈಕಲ್ಲಿನ ಮೇಲೆ ಕೂತ ಮಲೀಕಸಾಬ ಕಂಡ. ಕಣ್ಣಿಗೆ ಹಾಕಿಕೊಂಡಿದ್ದ ದೊಡ್ಡ ಕನ್ನಡಕವನ್ನು ಹಣೆಯ ಮೇಲೆ ಸರಿಸಿ, ಯಾರನ್ನೋ ಹುಡುಕುವವನಂತೆ ಸುತ್ತ ನೋಡಿ, ದೊಡ್ಡಬಸಪ್ಪ ಕಂಡೊಡನೆ ಕೈ ಎತ್ತಿದ.

"ಬಸ್ಯಾ, ಬಾ ಇಲ್ಲೆ. ನೋಡು ಬಾ."

ದೊಡ್ಡಬಸಪ್ಪ ಕೈಯಲ್ಲಿದ್ದ ಹಗ್ಗ ತೋರಿಸಿದ. ಬರಲಾರೆ ಎಂಬುದಕ್ಕೆ ಅದೊಂದು ಕಾರಣವಾಯಿತು.

ನಿಜಾಮರ ರಾಜ್ಯದಲ್ಲಿ ಆಗ ಫಸಲಿ ಸಾವಿರದ ಮುನ್ನೂರ ನಲವತ್ತೇಳು, ಅಂದರೆ ಇಸವಿ ಸಾವಿರದ ಒಂಬೈನೂರ ಮೂವತ್ತೆಂಟರ ಸುಮಾರು, ನಡೆಯುತ್ತಿತ್ತು. ಲಿಂಗಸುಗೂರು, ಮಸ್ಕಿ, ಸಿಂಧನೂರು, ಈ ಮೂರು ಸಂತೆಗಳಲ್ಲಿ ಎತ್ತಿನ ದಲ್ಲಾಲಿಗಳೆಂದರೆ ಈ ಇಬ್ಬರೇ ಎಂಬ ಮಾತಿತ್ತು. ಇಬ್ಬರೂ ಮಸ್ಕಿಯವರು. ಇಬ್ಬರೂ ಹುಡುಗರಾಗಿದ್ದಾಗ ಬಳಗಾನೂರಿನ ಆದಪ್ಪನೆಂಬ ಹಿರಿಯ ದಲ್ಲಾಲಿಯ ಹಿಂದೆ ತಿರುಗಿ ಕೆಲಸ ಕಲಿತವರು. ಆಮೇಲೆ ಮಲೀಕಸಾಬ ಹಾಗೇ ಬಾರುಕೋಲಿನಂತೆ ಉಳಿದ, ದೊಡ್ಡಬಸಪ್ಪ ತುಂಬಿಕೊಂಡ. ಅದು ಅವನಿಗೆ ಕೊರತೆಯಾಗಿರಲಿಲ್ಲ. ದಲ್ಲಾಲಿಯ ಮೈ ತುಂಬಿದ್ದರೆ ಅವನ ಕೈಯಿಂದ ಬಂದ ಎತ್ತೂ ಕೊಟ್ಟಿಗೆಯಲ್ಲಿ ತುಂಬಿ ನಿಲ್ಲುತ್ತದೆಂದು ರೈತರು ನಂಬಿದ್ದರು. ವ್ಯಾಪಾರ ಮುಗಿದ ಮೇಲೆ ಎತ್ತು ಕೊಂಡವರ ಮನೆಯಲ್ಲಿ ದಲ್ಲಾಲಿಗೆ ಹೋಳಿಗೆ ಊಟ ಹಾಕುವುದು ಪದ್ಧತಿ. ದೊಡ್ಡಬಸಪ್ಪ ಎಷ್ಟು ಉಂಡರೆ ಆ ಜೋಡಿ ಅಷ್ಟು ದುಡಿಯುತ್ತದೆಂದು ಹೆಣ್ಣುಮಕ್ಕಳು ಒತ್ತಾಯ ಮಾಡಿ ಬಡಿಸುತ್ತಿದ್ದರು.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಲಿ ತನ್ನ ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಇಳಿಬಿಟ್ಟು, ಅದರ ಮರೆಯಲ್ಲಿ ಮೊದಲು ಮಾರುವವನ ಕೈ ಹಿಡಿಯುತ್ತಾನೆ, ಆಮೇಲೆ ಕೊಳ್ಳುವವನದು. ಹಿಡಿದ ಬೆರಳೆಷ್ಟೋ ಬೆಲೆ ಅಷ್ಟು. ಗೆಣ್ಣು ಒತ್ತಿದರೆ ಅರ್ಧ. ಸುತ್ತ ನಿಂತವರಿಗೆ ಬಟ್ಟೆ ಅಲುಗಾಡುವುದಷ್ಟೇ ಕಾಣುತ್ತದೆ. ಹೀಗಾಗಿ ದಲ್ಲಾಲಿಯ ಮುಖಕ್ಕಿಂತ ಅವನ ಕೈಯ ಗುರುತು ರೈತರಿಗೆ ಹೆಚ್ಚು. ದೊಡ್ಡಬಸಪ್ಪನ ಕೈ ಮೆತ್ತಗೆ, ಅಗಲ. ಉಂಗುರದ ಬೆರಳಿನಲ್ಲಿ ಬೆಳ್ಳಿಯ ಉಂಗುರವೊಂದು ಮಾಂಸದಲ್ಲಿ ಹೂತುಹೋಗಿತ್ತು. ಕತ್ತಲಲ್ಲಿ ಹಿಡಿದರೂ ಇದು ಅವನದೇ ಎಂದು ಹೇಳಬಹುದಾಗಿತ್ತು.

ಫಟಫಟಿ ಬಂದ ಮೇಲೆ ಮಲೀಕಸಾಬನ ವ್ಯಾಪಾರವೇನೂ ಬಹಳ ಬೆಳೆಯಲಿಲ್ಲ. ಎತ್ತುಗಳು ಬೆದರುತ್ತವೆಂದು ಅದನ್ನು ಸಂತೆಯ ಹೊರಗೇ ನಿಲ್ಲಿಸಿ ಬರಬೇಕಾಗಿತ್ತು. ದೊಡ್ಡಬಸಪ್ಪನ ಹೊಟ್ಟೆ ಉರಿದದ್ದು ಅದಕ್ಕಲ್ಲ. ಅವನು ಬಂಡಿಯಲ್ಲಿ ಬೆಳಗಿನಿಂದ ಕುಲುಕಿ ಕುಲುಕಿ ಸಂತೆಗೆ ಬಂದು ಇಳಿದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ದೂರದಲ್ಲಿ ಫಟಫಟ ಕೇಳಿದರೆ ಚಹಾ ಮಾರುವವನೂ ಕೆಟಲಿ ಇಟ್ಟು ನಿಲ್ಲುತ್ತಿದ್ದ. "ಮಲೀಕಸಾಬ ಬಂದ" ಎನ್ನುವಾಗ ಜನರ ದನಿಯಲ್ಲಿ ಒಂದು ಹಿಗ್ಗಿರುತ್ತಿತ್ತು. "ದೊಡ್ಡಬಸಪ್ಪ ಬಂದ" ಎಂದು ಯಾರಾದರೂ ಎಂದಾದರೂ ಹಾಗೆ ಅಂದಿದ್ದರೇ ಎಂದು ಅವನು ನೆನಪಿಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ.

ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಹೆಂಡತಿ ಅಮರಮ್ಮ ರೊಟ್ಟಿ ಬಡಿಯುತ್ತ ಹೇಳಿದಳು:

"ಮಲೀಕಣ್ಣ ಲಿಂಗಸೂರಾಗ ಚಾ ಕುಡದು, ಸಿಂಧನೂರಾಗ ಉಂಡು, ಹೊತ್ತು ಮುಣಗೂದ್ರಾಗ ಮನಿಗೆ ಬಂದಿದ್ನಂತ. ಒಂದ ದಿನದಾಗ."

"ಚಾ ಕುಡಿಯಾಕ ಲಿಂಗಸೂರಿಗೆ ಯಾಕ ಹೋಗಬೇಕು? ಇಲ್ಲಿ ಚಾ ಇಲ್ಲೇನು?"

"ನಿನಗ್ಯಾಕ ಖಾರ ಹತ್ತಿತು? ನಾ ಚಟ್ನಿ ಇನ್ನೂ ಹಚ್ಚಿಲ್ಲ."

ಮುಂದಿನ ವಾರವೇ ಅವನು ಲಿಂಗಸುಗೂರಿನಲ್ಲಿ ಗೌಸ್‌ಸಾಬನ ಚಪ್ಪರಕ್ಕೆ ಹೋದ. ಗೌಸ್‌ಸಾಬ್ ಹತ್ತಿ ಗಿರಣಿಯ ಇಂಜಿನ್ ರಿಪೇರಿ ಮಾಡುವ ಮಿಸ್ತ್ರಿ. ವರ್ಗವಾಗಿ ಹೋದ ರಸ್ತೆ ಇಲಾಖೆಯ ಸಾಹೇಬರೊಬ್ಬರು ಮಾರಿಕೊಡು ಎಂದು ಬಿಟ್ಟುಹೋದ ಫಟಫಟಿಯೊಂದು ಅವನಲ್ಲಿತ್ತು. ದೊಡ್ಡಬಸಪ್ಪ ಎತ್ತು ನೋಡುವ ಕ್ರಮದಲ್ಲೇ ಅದನ್ನು ನೋಡಿದ. ಹಿಂದಿನಿಂದ ನೋಡಿದ, ಪಕ್ಕಕ್ಕೆ ಬಂದು ನೋಡಿದ, ಎದುರು ಕುಕ್ಕರಗಾಲಿನಲ್ಲಿ ಕೂತು ದೀಪದೊಳಗೆ ಇಣುಕಿದ.

"ಹಲ್ಲು ಇಲ್ಲ ಅದಕ್ಕ," ಅಂದ ಗೌಸ್‌ಸಾಬ್. "ಹತ್ತಿ ಕೂಡು."

ದೊಡ್ಡಬಸಪ್ಪ ಕೂತ. ಗೌಸ್‌ಸಾಬ್ ಬಾಗಿ ಸೀಟಿನ ಕೆಳಗಿನ ಸ್ಪ್ರಿಂಗಿನ ಸುರುಳಿಗಳ ನಡುವೆ ಬೆರಳು ಹಾಕಲು ನೋಡಿದ, ಹೋಗಲಿಲ್ಲ. ಉಗುರು ಹಾಕಿದ, ಅದೂ ಹೋಗಲಿಲ್ಲ. ಇಳಿ ಎಂದ ಮೇಲೆ ಸ್ಪ್ರಿಂಗು ಮೇಲೆದ್ದಿತು. ಈಗ ಬೆರಳು ಸಲೀಸಾಗಿ ಹೋಯಿತು.

"ನೋಡಪಾ ಬಸಪ್ಪ, ಸ್ಪ್ರಿಂಗು ಅಂದ್ರ ಅದಕ್ಕ ಇನ್ನಷ್ಟು ಕುಗ್ಗಾಕ ಜಾಗ ಇರಬೇಕು. ಪೂರಾ ಒತ್ತಿಹೋದ್ರ ಅದು ಬರೇ ಕಬ್ಬಿಣ. ಮೊದಲನೇ ತಗ್ಗಿನಾಗ ಮುರೀತೈತಿ, ಅದರ ಜೋಡಿ ನಿನ್ನ ಸೊಂಟಾನೂ. ನೀ ಕೂತಾಗ ಇದರಾಗ ನನ್ನ ಬೆರಳು ಹೋಗೂ ಹಂಗ ಆಗಿ ಬಾ. ಅಲ್ಲೀತನಕ ನಾ ಯಾರಿಗೂ ಕೊಡಂಗಿಲ್ಲ."

ಅಂದಿನಿಂದ ದೊಡ್ಡಬಸಪ್ಪ ಬಂಡಿ ಹೂಡುವುದನ್ನು ಬಿಟ್ಟು ಸಂತೆಯಿಂದ ಸಂತೆಗೆ ನಡೆದೇ ಹೋದ. ಮೂರು ರೊಟ್ಟಿಯ ಜಾಗದಲ್ಲಿ ಒಂದು ಉಂಡ. ತುಪ್ಪದ ಗಿಂಡಿ ಕಂಡರೆ ಮುಖ ತಿರುಗಿಸಿದ. ಹೋಳಿಗೆ ಬಡಿಸಲು ಬಂದವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದ. ಬಳಗಾನೂರಿನ ಒಂದು ಮನೆಯಲ್ಲಿ ಪೀರಮ್ಮನೆಂಬ ಮುದುಕಿ ಹೋಳಿಗೆಯ ತಟ್ಟೆ ಹಿಡಿದು ನಿಂತೇಬಿಟ್ಟಳು.

"ಎತ್ತು ಬರೋಬ್ಬರಿ ಇಲ್ಲ ಅನ್ನೂದು ನಿನಗ ಗೊತ್ತೈತಿ. ಅದಕ್ಕ ಉಣ್ಣವಲ್ಲಿ."

"ಹಂಗಲ್ಲಬೇ. ಹೊಟ್ಟಿ ಸರಿ ಇಲ್ಲ."

"ಹೊಟ್ಟಿ ಎಲ್ಲೈತಿ ಈಗ, ಸರಿ ಇರಾಕ?"

ಉಡಿದಾರ ಸಡಿಲವಾದಾಗೆಲ್ಲ ಅಮರಮ್ಮ ಅದಕ್ಕೊಂದು ಗಂಟು ಹಾಕಿ ಬಿಗಿ ಮಾಡುತ್ತಿದ್ದಳು. ಗಂಟುಗಳ ಸಾಲು ಬೆಳೆದಂತೆ ಅವನಿಗೆ ಸಂತೋಷವಾಗುತ್ತಿತ್ತು, ಅವಳಿಗೆ ಭಯ. ಉಂಗುರ ಬೆರಳಿನಿಂದ ಜಾರಿ ಬಾವಿಕಟ್ಟೆಯ ಮೇಲೆ ಬಿದ್ದ ದಿನ ಅವಳು ಅದನ್ನು ಎತ್ತಿ ಪೆಟ್ಟಿಗೆಯಲ್ಲಿಟ್ಟಳು. "ಮಂದಿ ಏನೇನೋ ಅನ್ನಾಕತ್ತಾರ," ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ಆ ಸೀಮೆಯಲ್ಲಿ ಯಾರೂ ಬೇಕೆಂದು ತೆಳ್ಳಗಾದದ್ದಿಲ್ಲ. ಬೇನೆ ಬಂದರೆ, ಇಲ್ಲವೇ ಮನೆಯಲ್ಲಿ ಏನಾದರೂ ಕೆಟ್ಟರೆ ಮಾತ್ರ ಮೈ ಇಳಿಯುತ್ತದೆ. ತನ್ನ ಮೈಯನ್ನೇ ಉಳಿಸಿಕೊಳ್ಳಲಾರದವನು ಆರಿಸಿಕೊಟ್ಟ ಎತ್ತನ್ನು ಯಾರು ನಂಬಬೇಕು? ರೈತರು ಒಬ್ಬೊಬ್ಬರಾಗಿ ಮಲೀಕಸಾಬನ ವಲ್ಲಿಯ ಕಡೆ ಸರಿದರು. ದೊಡ್ಡಬಸಪ್ಪ ಇದನ್ನೆಲ್ಲ ನೋಡಿದ. ನೋಡಿ, ಇದು ಫಟಫಟಿಯ ಮಹಿಮೆ ಎಂದೇ ತಿಳಿದ. ಅರ್ಧ ರೊಟ್ಟಿ ಇನ್ನೂ ಕಡಿಮೆ ಮಾಡಿದ.

ಉಳಿದವನೆಂದರೆ ಗೊರೇಬಾಳದ ಅಂಬಪ್ಪ. ಸಿಂಧನೂರಿನ ಸುತ್ತ ಹತ್ತಾರು ಕೂರಿಗೆ ಹೂಡಿಸುವ ದೊಡ್ಡ ಒಕ್ಕಲಿಗ. ಎರಡೂ ಕಣ್ಣಿಗೆ ಪೊರೆ ಬಂದು ಈಗ ಬೆಳಕು ನೆರಳು ಮಾತ್ರ ಕಾಣುತ್ತಿತ್ತು. ಅವನು ದೊಡ್ಡಬಸಪ್ಪನ ಕೈಯಿಂದ ಬಿಟ್ಟರೆ ಇನ್ನೊಬ್ಬರ ಕೈಯಿಂದ ಎತ್ತು ಕೊಂಡವನಲ್ಲ. ಸಂತೆಯ ಮಂದಿ ಅಂಬಪ್ಪ ಯಾರ ಹತ್ತಿರ ನಿಲ್ಲುತ್ತಾನೆಂದು ನೋಡಿ ತಾವೂ ಅಲ್ಲಿ ನಿಲ್ಲುತ್ತಿದ್ದರು. ಅವನೂ ಹೋದರೆ ದೊಡ್ಡಬಸಪ್ಪನಿಗೆ ಸಂತೆಯಲ್ಲಿ ಕೆಲಸವಿರಲಿಲ್ಲ.

ಮುಂಗಾರಿಗೆ ಮೊದಲಿನ ಸಿಂಧನೂರು ಸಂತೆಗೆ ಅಂಬಪ್ಪ ಮೊಮ್ಮಗಳ ಗಂಡ ಹುಸೇನಪ್ಪನ ಹೆಗಲು ಹಿಡಿದು ಬಂದ. ದೊಡ್ಡಬಸಪ್ಪ ಅವನಿಗಾಗಿ ಬಿಳಿಯ ಜೋಡಿಯೊಂದನ್ನು ಆರಿಸಿಟ್ಟಿದ್ದ. ಅಂಬಪ್ಪ ಎತ್ತುಗಳ ಹೆಗಲ ಮೇಲಿನ ಡುಬ್ಬ ತಡವಿದ, ಮೊಣಕಾಲ ಕೀಲು ಒತ್ತಿ ನೋಡಿದ, ಗೊರಸಿಗೆ ಬೆರಳಿನಿಂದ ಬಡಿದು ಕಿವಿಗೊಟ್ಟ. ತೃಪ್ತಿಯಾಗಿ ಬಲಗೈ ಮುಂದೆ ಚಾಚಿದ. ದೊಡ್ಡಬಸಪ್ಪ ವಲ್ಲಿ ಹೊದಿಸಿ ಅದನ್ನು ಹಿಡಿದ.

ಅಂಬಪ್ಪನ ಬೆರಳು ಎಂದಿನಂತೆ ಮೊದಲು ಉಂಗುರ ಹುಡುಕಿತು. ಅದು ಸಿಗದೆ ಪಕ್ಕದ ಬೆರಳಿಗೆ ಹೋಯಿತು, ಅಲ್ಲಿಂದ ಅಂಗೈಗೆ, ಅಂಗೈಯಿಂದ ಮಣಿಕಟ್ಟಿಗೆ. ಎಲುಬು ಹತ್ತಿತು. ಅವನು ಕೈಯನ್ನು ಚಕ್ಕನೆ ಎಳೆದುಕೊಂಡ.

"ಇದು ಯಾರ ಕೈ?"

"ನಂದ ಅಂಬಣ್ಣ. ದೊಡ್ಡಬಸಪ್ಪನ್ದು."

"ಮಾತು ನಿಂದು. ಕೈ ನಿಂದಲ್ಲ. ಕಣ್ಣಿಲ್ಲ ಅಂತ ವಲ್ಲಿ ಒಳಗ ಯಾರನ ತಂದು ಸೇರಿಸೀದಿ?"

ವಲ್ಲಿಯೊಳಗೆ ಮೂರನೆಯವನ ಕೈ ತೂರಿಸುವುದು ಸಂತೆಯಲ್ಲಿ ಕಳ್ಳತನಕ್ಕಿಂತ ಕೀಳು. ಹಾಗೆ ಮಾಡಿ ಸಿಕ್ಕವನು ಮತ್ತೆ ವಲ್ಲಿ ಹೊದಿಸಿದ್ದಿಲ್ಲ. ಸುತ್ತ ಮಂದಿ ಕೂಡಿತು. ಕೈ ಇವನದೇ ಎಂದು ಹುಸೇನಪ್ಪ ಹೇಳಿದ.

"ನಿನ್ನ ಮದುವಿಗೆ ಮುಂಚಿನಿಂದ ಹಿಡಿದ ಕೈ ಅದು. ನೀ ಸುಮ್ಕಿರು," ಅಂದ ಅಂಬಪ್ಪ.

ದೊಡ್ಡಬಸಪ್ಪ ತನ್ನ ಕೈಯನ್ನು ನೋಡಿಕೊಂಡ. ಅದು ಅವನಿಗೂ ಹೊಸದಾಗಿ ಕಂಡಿತು. ಅದೇ ಹೊತ್ತಿಗೆ ರಸ್ತೆಯಲ್ಲಿ ಫಟಫಟ ಸದ್ದಾಗಿ ನಿಂತಿತು. ಕೂಡಿದ ಮಂದಿ ದಾರಿ ಬಿಟ್ಟಿತು. ಹಣೆಯ ಮೇಲೆ ಕನ್ನಡಕ ಸರಿಸಿಕೊಂಡು ಮಲೀಕಸಾಬ ಬಂದ. ಏನಾಯಿತೆಂದು ನಾಲ್ಕು ಮಂದಿ ಒಟ್ಟಿಗೆ ಅವನಿಗೆ ಹೇಳಿದರು. ಅಂಬಪ್ಪ ಅವನ ಸದ್ದಿನ ಕಡೆ ತಿರುಗಿ ಕೈ ಚಾಚಿದ. "ಮಲೀಕಸಾಬ, ಈ ಜೋಡಿ ನೀನ ಮುಗಿಸಿಕೊಡು" ಎಂದ.

ಹಿಡಿಯುತ್ತಾನೆ ಎಂದುಕೊಂಡ ದೊಡ್ಡಬಸಪ್ಪ. ಅವನ ಜಾಗದಲ್ಲಿ ತಾನಿದ್ದರೆ ಹಿಡಿಯುತ್ತಿದ್ದೆ ಎಂಬುದೂ ಆ ಕ್ಷಣ ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು.

ಮಲೀಕಸಾಬ ಅಂಬಪ್ಪನ ಕೈ ಹಿಡಿದು, ಅದನ್ನು ಹಾಗೇ ಒಯ್ದು ದೊಡ್ಡಬಸಪ್ಪನ ಕೈಯಲ್ಲಿಟ್ಟ.

"ಹೆಬ್ಬಟ್ಟಿನ ಬುಡ ಮುಟ್ಟಿ ನೋಡು ಅಂಬಣ್ಣ. ಮಿಣಿ ಜಗ್ಗಿ ಸುಟ್ಟ ಗುರುತು ಸಿಗತೈತಿ. ಆದಪ್ಪನ ಹೋರಿ ಹಗ್ಗ ಹರಕೊಂಡು ಓಡಿದಾಗ ಆದದ್ದು. ನಾ ಹಗ್ಗ ಬಿಟ್ಟೆ, ಇಂವ ಬಿಡಲಿಲ್ಲ. ಆಗ ಇವನ ಕೈ ಹಿಂಗ ಇತ್ತು, ಕಡ್ಡಿ ಆಗಿತ್ತು. ಆಮ್ಯಾಲೆ ನಿಮ್ಮ ಮನಿ ಹೋಳಿಗಿ ಅದನ್ನ ಮುಚ್ಚಿದ್ವು."

ಅಂಬಪ್ಪನ ಬೆರಳು ಆ ಗೆರೆಯ ಮೇಲೆ ಹೋಗಿ ಬಂದು ನಿಂತಿತು. "ಉಂಗುರ ಯಾಕ ತಗದಿ?" ಎಂದು ಕೇಳಿದ. ಬೈಗುಳದಂತಿದ್ದರೂ ಆ ದನಿಯಲ್ಲಿ ಸಿಟ್ಟು ಹೋಗಿತ್ತು. ವಲ್ಲಿ ಮತ್ತೆ ಅಲುಗಾಡಿತು. ಜೋಡಿ ಗೊರೇಬಾಳಕ್ಕಾಯಿತು.

ಹೆಸರು ಉಳಿಯಿತು. ಆದರೆ ಚದುರುವಾಗ ಮಂದಿ ಆಡಿದ ಮಾತು ದೊಡ್ಡಬಸಪ್ಪನ ಕಿವಿಗೆ ಬಿತ್ತು. "ಮಲೀಕಸಾಬನ ಮನಸು ದೊಡ್ಡದು ನೋಡು. ಬ್ಯಾರೆಯವ ಇದ್ರ ಗಿರಾಕಿ ಒಯ್ಯತಿದ್ದ." ತಾನು ಕಳ್ಳನಲ್ಲ ಎಂಬುದಕ್ಕೂ ಈಗ ಮಲೀಕಸಾಬನೇ ಸಾಕ್ಷಿ. ಹಗ್ಗ ಬಿಡದೆ ಹಿಡಿದವನು ತಾನು, ಹೊಗಳಿಕೆ ಅದನ್ನು ನೆನಪಿಸಿದವನಿಗೆ. ಎದೆಯಲ್ಲಿ ಉರಿಯುತ್ತಿದ್ದುದು ಆರಬೇಕಾಗಿತ್ತು, ಇನ್ನೂ ಹೆಚ್ಚಾಯಿತು. ಮಲೀಕಸಾಬ ಗಿರಾಕಿಯನ್ನು ಕಸಿದುಕೊಂಡಿದ್ದರೆ ಬೈಯಲಾದರೂ ಆಗುತ್ತಿತ್ತು.

ಸಂಜೆ ಮಲೀಕಸಾಬ ಬಿಡಲಿಲ್ಲ. "ಮಸ್ಕಿತನ ನಡಕೊಂತ ಹೋಗ್ತೀಯೇನು? ಹಿಂದ ಕೂಡು. ಈಗ ನೀ ಎಷ್ಟರ ಇದ್ದೀ, ಒಂದು ಹೊರಿ ಮೇವು." ಇಲ್ಲವೆಂದರೆ ಹೊಟ್ಟೆಕಿಚ್ಚು ಎಲ್ಲರಿಗೂ ಕಾಣುತ್ತದೆಂದು ದೊಡ್ಡಬಸಪ್ಪ ಹಿಂದೆ ಹತ್ತಿದ. ಗಾಳಿ ಮುಖಕ್ಕೆ ಬಡಿಯಿತು. ಎರೆಹೊಲಗಳು ಎರಡೂ ಕಡೆ ಸರಿದುಹೋದವು. ಸುಖವಾಗಿತ್ತು, ಅದನ್ನು ಅವನು ತನಗೇ ಮುಚ್ಚಿಡಲು ನೋಡಿದ. ಗೊರೇಬಾಳದ ಹತ್ತಿರ ಹುಡುಗರು ಓಡಿಬಂದರು.

"ಮಲೀಕಸಾಬ ಬಂದ, ಮಲೀಕಸಾಬ."

"ಹಿಂದ ಯಾರಲೇ?"

"ಯಾರೋ ಒಬ್ಬಾಂವ."

ಮಸ್ಕಿಯ ಹಳ್ಳದ ದಂಡೆಯಲ್ಲಿ ಇಳಿದಾಗ ಮಲೀಕಸಾಬ ಕೇಳಿದ:

"ಗೌಸ್‌ಸಾಬನ ಗಾಡಿ ತಗೋಳಾಕತ್ತೀ ಅಂತಲ್ಲ. ತಗೋ ಬಸ್ಯಾ. ಜೋಡಿಲೆ ಹೋಗೂಣು. ಒಬ್ಬಾಂವಗ ಬ್ಯಾಸರ ಬರತೈತಿ."

"ನೋಡ್ತೀನಿ," ಅಂದ ದೊಡ್ಡಬಸಪ್ಪ.

ಲಿಂಗಸುಗೂರಿನ ಮುಂದಿನ ಸಂತೆಯ ದಿನ ಅವನು ಗೌಸ್‌ಸಾಬನ ಚಪ್ಪರಕ್ಕೆ ಹೋಗಿ ಸೀಟಿನ ಮೇಲೆ ಕೂತ. ಗೌಸ್‌ಸಾಬ್ ಬಾಗಿ ಬೆರಳು ಹಾಕಿದ. ಬೆರಳು ಹೋಯಿತು. ಆಡಿಸಿದರೆ ಆಡಿತು ಕೂಡ.

"ವಾಹ್ ಬಸಪ್ಪ. ಗಾಡಿ ನಿಂದು."

ದೊಡ್ಡಬಸಪ್ಪ ಹಿಡಿಕೆಗಳನ್ನು ಹಿಡಿದು ಒಂದಷ್ಟು ಹೊತ್ತು ಕೂತೇ ಇದ್ದ. ಇದರ ಮೇಲೆ ಯಾವ ಊರಿಗೆ ಹೋದರೂ ಮಂದಿ ಏನನ್ನುತ್ತಾರೆಂಬುದು ಅವನಿಗೆ ಕೇಳಿಸುತ್ತಿತ್ತು. ಮೊದಲು ಮಲೀಕಸಾಬ ಬಂದ ಎನ್ನುತ್ತಾರೆ. ಹತ್ತಿರ ಬಂದ ಮೇಲೆ, ಅಲ್ಲ, ಇದು ಇನ್ನೊಂದು ಎನ್ನುತ್ತಾರೆ.

"ಬ್ಯಾಡ," ಎಂದು ಇಳಿದ.

"ಯಾಕ? ಇಷ್ಟು ಕರಗಿದ ಮ್ಯಾಲೆ?"

"ಮೂರು ಸಂತ್ಯಾಗ ಎರಡನೇದು. ಮೊದಲನೇದಾಗಿದ್ರ ಮಾತು ಬ್ಯಾರೆ ಇತ್ತು."

ಆ ರಾತ್ರಿ ಅವನು ಮೂರು ರೊಟ್ಟಿ ಉಂಡು ತುಪ್ಪಕ್ಕೆ ಎಲೆ ಮುಂದೆ ಸರಿಸಿದ. ಅಮರಮ್ಮ ಗಿಂಡಿ ಬಗ್ಗಿಸಿದಳು. ಬೆಳಿಗ್ಗೆ ಪೆಟ್ಟಿಗೆಯಿಂದ ಉಂಗುರ ತೆಗೆದು, ಒಳಗಡೆ ಹತ್ತಿಯ ನೂಲು ಸುತ್ತಿ, ಜಾರದಂತೆ ಬೆರಳಿಗೆ ಹಾಕಿಕೊಟ್ಟಳು. ಮೈ ತುಂಬಿಬಂದಂತೆ ನೂಲಿನ ಸುತ್ತುಗಳನ್ನು ಒಂದೊಂದಾಗಿ ಬಿಚ್ಚಿದಳು. ಮುಂದಿನ ಮುಂಗಾರಿನ ಹೊತ್ತಿಗೆ ನೂಲು ಉಳಿದಿರಲಿಲ್ಲ, ಉಂಗುರ ಹೂತುಕೊಂಡಿತ್ತು, ರೈತರು ಹಿಂದಿರುಗಿದ್ದರು. ಗೌಸ್‌ಸಾಬನ ಗಾಡಿಯನ್ನು ಕಂದಾಯ ಇಲಾಖೆಯ ಯಾರೋ ಗಿರ್ದಾವರ ಕೊಂಡುಹೋದ. ಅದು ಮಾರಿಹೋಗುವವರೆಗೆ ದೊಡ್ಡಬಸಪ್ಪ ಲಿಂಗಸುಗೂರಿನ ಪ್ರತಿ ಸಂತೆಯ ದಿನವೂ ಹೋಗಿ ಅದನ್ನು ನೋಡಿ ಬರುತ್ತಿದ್ದ.

ಬಂಡಿಯಲ್ಲಿ ಕುಲುಕುತ್ತ ಅವನು ಇನ್ನೂ ಬಹಳ ವರ್ಷ ಆ ಮೂರು ಸಂತೆಗಳಿಗೆ ತಿರುಗಿದ. ಮಲೀಕಸಾಬನೊಡನೆ ಎಲೆಅಡಿಕೆ ಹಂಚಿಕೊಂಡು ಮೆಲ್ಲುತ್ತಿದ್ದ, ಹಬ್ಬಕ್ಕೆ ಅವನ ಮನೆಯ ಶಾವಿಗೆ ಉಣ್ಣುತ್ತಿದ್ದ. ರಸ್ತೆಯ ಕಡೆಯಿಂದ ಫಟಫಟ ಸದ್ದು ಕೇಳಿ ಸಂತೆಯೆಲ್ಲ ಆ ಕಡೆ ತಿರುಗಿದಾಗ ಮಾತ್ರ ಅವನು ಯಾವುದಾದರೂ ಒಂದು ಎತ್ತಿನ ಬಾಯಿ ಅಗಲಿಸಿ, ಆಗಲೇ ಎಣಿಸಿದ ಹಲ್ಲುಗಳನ್ನು ಮೊದಲಿನಿಂದ ಎಣಿಸುತ್ತಿದ್ದ.